ಲೀಸ್ ಡಿಸ್ಕ್ ಪ್ರಯೋಗದಲ್ಲಿ ಅದೇ ರಟ್ಟಿಗೆ ಒಮ್ಮೆ 0.041, ಇನ್ನೊಮ್ಮೆ 0.070 ಬರುವುದೇಕೆ?

3 ಮಿ.ಮೀ. ದಪ್ಪದ ಒಂದೇ ರಟ್ಟಿನ ಉಷ್ಣವಾಹಕತೆ ಎರಡು ದಿನ ಅಳೆದಾಗ 0.041 ಮತ್ತು 0.070 ವ್ಯಾಟ್/ಮೀ·ಕೆ ಬಂತು, ಉಪಕರಣ ಕೆಟ್ಟಿದೆಯೇ ಎಂದು ಕೇಳಿದ್ದೀರಿ. ಕೆಟ್ಟಿಲ್ಲ ಎಂದೇ ನನ್ನ ಅಂದಾಜು. ದೊಡ್ಡದನ್ನು ಚಿಕ್ಕದರಿಂದ ಭಾಗಿಸಿ ನೋಡಿ: 1.7. ನಿಮ್ಮ ಹಿತ್ತಾಳೆ ಡಿಸ್ಕಿನ ತ್ರಿಜ್ಯ 5.5 ಸೆಂ.ಮೀ., ದಪ್ಪ 1.2 ಸೆಂ.ಮೀ. ಎಂದಿದ್ದೀರಲ್ಲ, ಆ ಅಳತೆಯಲ್ಲೇ ಈ 1.7 ಅಡಗಿದೆ.

ಈ ಪ್ರಯೋಗದಲ್ಲಿ ಮೇಲಿನ ಹಬೆ ಚೇಂಬರಿನಿಂದ ಶಾಖ ರಟ್ಟಿನ ಮೂಲಕ ಕೆಳಗಿನ ಡಿಸ್ಕಿಗೆ ಇಳಿಯುತ್ತದೆ. ಮೇಲಿನ, ಕೆಳಗಿನ ತಾಪಗಳೆರಡೂ ಏರದೆ ನಿಂತದ್ದೇ ಸ್ಥಿರ ಸ್ಥಿತಿ; ಆಗ ಡಿಸ್ಕ್ ಪಡೆದಷ್ಟೇ ಶಾಖವನ್ನು ಗಾಳಿಗೆ ಬಿಡುತ್ತದೆ. ಆ ಶಾಖ ಎಷ್ಟೆಂದು ತಿಳಿಯಲು ಆಮೇಲೆ ಡಿಸ್ಕನ್ನು ಬಿಸಿ ಮಾಡಿ, ಅದೇ ತಾಪದಲ್ಲಿ ಅದು ತಣಿಯುವ ದರ ಅಳೆಯುತ್ತೇವೆ. ಸ್ಥಿರ ಸ್ಥಿತಿಯಲ್ಲಿ ಡಿಸ್ಕಿನ ತಲೆಯ ಮೇಲೆ ರಟ್ಟು ಕೂತಿರುತ್ತದೆ. ಶಾಖ ಹೊರಹೋಗುವುದು ತಳದಿಂದ ಮತ್ತು ಅಂಚಿನಿಂದ ಮಾತ್ರ. ರಟ್ಟು ತೆಗೆದು ಬರಿದಾಗಿ ತಣಿಯಲು ಬಿಟ್ಟರೆ ಮೇಲ್ಮುಖದಿಂದಲೂ ಹೋಗುತ್ತದೆ. ಆ ವ್ಯತ್ಯಾಸ ಸರಿಪಡಿಸಲೆಂದೇ ಸೂತ್ರದಲ್ಲಿ (ತ್ರಿಜ್ಯ + 2 × ದಪ್ಪ) ÷ (2 × ತ್ರಿಜ್ಯ + 2 × ದಪ್ಪ) ಎಂಬ ಗುಣಕ ಇರುವುದು. ನಿಮ್ಮ ಡಿಸ್ಕಿಗೆ 7.9 ÷ 13.4, ಅಂದರೆ 0.59. ನೀವು ಒಂದು ದಿನ ರಟ್ಟು ಮುಚ್ಚಿ, ಇನ್ನೊಂದು ದಿನ ಬರಿದಾಗಿ ತಣಿಸಿ, ಎರಡಕ್ಕೂ ಒಂದೇ ಸೂತ್ರ ಹಾಕಿರಬೇಕು. ಸೂತ್ರದಲ್ಲಿ ಗುಣಕ ಇದ್ದರೆ ಬರಿದಾಗಿ ತಣಿಸಿದ ದಿನದ 0.070 ಸರಿ, ಇಲ್ಲದಿದ್ದರೆ ಮುಚ್ಚಿ ತಣಿಸಿದ ದಿನದ 0.041 ಸರಿ. ರೆಕಾರ್ಡ್ ಪುಸ್ತಕದಲ್ಲಿ ಹೇಗೆ ತಣಿಸಿದಿರಿ ಎಂಬುದನ್ನೂ ಬರೆದಿಡಿ.

ಇದು ಸರಿಹೋದ ಮೇಲೂ ತಪ್ಪುಗಳು ಉಳಿಯುತ್ತವೆ. ಅವುಗಳಲ್ಲಿ ಹೆಚ್ಚಿನವು ಉತ್ತರವನ್ನು ಕೆಳಕ್ಕೇ ಎಳೆಯುತ್ತವೆ.

ಮೊದಲನೆಯದು ಆತುರ. ಇಷ್ಟು ದೊಡ್ಡ ಡಿಸ್ಕ್ ಸುಮಾರು 970 ಗ್ರಾಂ ತೂಗುತ್ತದೆ. ಅದು 3 ಮಿ.ಮೀ. ರಟ್ಟಿನ ಮೂಲಕ ಬಿಸಿಯಾಗುವ ಕಾಲಸ್ಥಿರಾಂಕ (ಏರಬೇಕಾದ ತಾಪದಲ್ಲಿ ಸುಮಾರು 37% ಮಾತ್ರ ಬಾಕಿ ಉಳಿಯಲು ಬೇಕಾದ ಹೊತ್ತು) ಲೆಕ್ಕ ಹಾಕಿದರೆ 18 ನಿಮಿಷದ ಆಸುಪಾಸು ಬರುತ್ತದೆ. ಹಾಗಾಗಿ ಹಬೆ ಬಿಟ್ಟು 20 ನಿಮಿಷಕ್ಕೆ ರೀಡಿಂಗ್ ತೆಗೆದರೆ ಅದು ಸ್ಥಿರ ಸ್ಥಿತಿಯೇ ಅಲ್ಲ. ಒಂದು ಗಂಟೆ ಬೇಕು. 1 ಡಿಗ್ರಿ ಗೆರೆಯ ಥರ್ಮಾಮೀಟರಿನಲ್ಲಿ 10 ನಿಮಿಷ ಪಾದರಸ ಕದಲಲಿಲ್ಲ ಅಂದರೂ ಇನ್ನೂ ಒಂದು ಡಿಗ್ರಿ ಏರುವುದು ಬಾಕಿ ಇರಬಹುದು. ಅರ್ಧ ಡಿಗ್ರಿ ಏರಿದ್ದು ಕಣ್ಣಿಗೆ ಬೀಳುವುದಿಲ್ಲವಲ್ಲ. ಮೇಲೆ 97, ಕೆಳಗೆ 65 ಇರಬೇಕಾದಲ್ಲಿ 64 ಎಂದು ಬರೆದರೆ ಎರಡು ಕಡೆ ಪೆಟ್ಟು: ತಾಪ ವ್ಯತ್ಯಾಸ 32ರ ಬದಲು 33 ಆಗುತ್ತದೆ, ತಣಿಯುವ ದರವನ್ನೂ 65ರ ಬದಲು 64ರಲ್ಲಿ ತೆಗೆಯುತ್ತೀರಿ. ಎರಡೂ ಸೇರಿ ಉತ್ತರ 6% ಇಳಿಯುತ್ತದೆ.

ಎರಡನೆಯದು ಗಾಳಿ ಪದರ. ನನ್ನ ಮಟ್ಟಿಗೆ ಈ ಪ್ರಯೋಗದ ನಿಜವಾದ ಶತ್ರು ಇದೇ. ರಟ್ಟು ಸ್ವಲ್ಪ ಬಾಗಿದ್ದು ಎರಡೂ ಬದಿ 0.1 ಮಿ.ಮೀ. ಗಾಳಿ ಸಿಕ್ಕಿಕೊಂಡರೆ ಸಾಕು, ಗಾಳಿಯ ವಾಹಕತೆ 0.026 ಅಷ್ಟೇ ಆದ್ದರಿಂದ, ರಟ್ಟಿಗೆ 10ರಿಂದ 15% ತಪ್ಪು. ಗಾಜು ಇಟ್ಟರಂತೂ ಕಥೆ ಮುಗಿಯಿತು: 3 ಮಿ.ಮೀ. ಗಾಜಿನ ಉಷ್ಣರೋಧಕ್ಕಿಂತ ಎರಡು ಕಡೆಯ 0.05 ಮಿ.ಮೀ. ಗಾಳಿಯ ರೋಧವೇ ಹೆಚ್ಚು. ವಾಹಕತೆ 1ರ ಹತ್ತಿರ ಬರಬೇಕಾದ್ದು 0.44 ಬರುತ್ತದೆ. ಗಾಜಿಗಾದರೆ ಎರಡೂ ಬದಿ ತೆಳ್ಳಗೆ ಗ್ಲಿಸರಿನ್ ಸವರಿ, 0.9ರ ಹತ್ತಿರ ಬರುತ್ತದೆ. ರಟ್ಟು ಗ್ಲಿಸರಿನ್ ಹೀರಿಬಿಡುವುದರಿಂದ ಅಲ್ಲಿ ಆ ಉಪಾಯ ನಡೆಯದು. ಒಂದೇ ಬಗೆಯ ರಟ್ಟನ್ನು 2, 3, 4 ಮಿ.ಮೀ. ದಪ್ಪದಲ್ಲಿ ತಂದು, ದಪ್ಪ ÷ ವಾಹಕತೆಯನ್ನು ದಪ್ಪದ ಎದುರು ಗ್ರಾಫ್ ಎಳೆಯಿರಿ. ಗೆರೆಯ ಇಳಿಜಾರಿನ ವಿಲೋಮವೇ ನಿಜವಾದ ವಾಹಕತೆ. ಲಂಬ ಅಕ್ಷವನ್ನು ಗೆರೆ ಕತ್ತರಿಸುವ ಜಾಗ ಗಾಳಿ ಪದರಗಳ ಪಾಲು. ಆದರೆ ತೆಳು ರಟ್ಟುಗಳನ್ನು ಒಂದರ ಮೇಲೊಂದು ಪೇರಿಸಿ ದಪ್ಪ ಮಾಡಬೇಡಿ, ನಡುನಡುವೆ ಹೊಸ ಗಾಳಿ ಸೇರುತ್ತದೆ.

ಫ್ಯಾನ್ ವಿಷಯ. ಸ್ಥಿರ ಸ್ಥಿತಿಯಲ್ಲಿ ಫ್ಯಾನ್ ತಿರುಗುತ್ತಿದ್ದು, ತಣಿಸುವಾಗ ಯಾರೋ ಆರಿಸಿದರೆ ಲೆಕ್ಕದ ಬುನಾದಿಯೇ ಹೋಯಿತು. ಎರಡೂ ಹೊತ್ತು ಆರಿಸಿಯೇ ಇಡಿ. ಸ್ಟೀಮ್ ಬಾಯ್ಲರಿಗೂ ಡಿಸ್ಕಿಗೂ ನಡುವೆ ಒಂದು ಮರದ ಹಲಗೆ ನಿಲ್ಲಿಸಿ.

ಇನ್ನು ಥರ್ಮಾಮೀಟರುಗಳು. ಎರಡನ್ನೂ ಒಂದೇ ಬಿಸಿನೀರಿನಲ್ಲಿಟ್ಟು ಹೋಲಿಸಿ, ಒಂದು ಡಿಗ್ರಿ ವ್ಯತ್ಯಾಸ ಅಂದರೆ 3% ತಪ್ಪು. ಡಿಸ್ಕಿನ ರಂಧ್ರದಲ್ಲಿ ಒಂದು ಹನಿ ಗ್ಲಿಸರಿನ್ ಬಿಟ್ಟರೆ ಬಲ್ಬಿಗೆ ಲೋಹದ ತಾಪ ಸರಿಯಾಗಿ ಮುಟ್ಟುತ್ತದೆ. ಹಬೆಯ ತಾಪ 100 ಎಂದು ಬಾಯಿಪಾಠದಿಂದ ಬರೆಯಬೇಡಿ. ಬೆಂಗಳೂರಿನಂಥ ಎತ್ತರದಲ್ಲಿ ನೀರು ಕುದಿಯುವುದು 97ರ ಹತ್ತಿರ.

ತಣಿಯುವ ದರಕ್ಕೆ ಡಿಸ್ಕನ್ನು 75ಕ್ಕೆ ಏರಿಸಿ, 70ರಿಂದ 60ರವರೆಗೆ 30 ಸೆಕೆಂಡಿಗೊಮ್ಮೆ ಬರೆದು, 65ರಲ್ಲಿ ಇಳಿಜಾರು ತೆಗೆಯಿರಿ. ಕೈಯಿಂದ ಸ್ಪರ್ಶರೇಖೆ ಎಳೆದರೆ ಇಬ್ಬರ ಉತ್ತರ 10% ಬೇರೆಯಾಗುವುದು ಸಾಮಾನ್ಯ. ಕೋಣೆಯ ತಾಪ ಕಳೆದು ಲಾಗ್ ತೆಗೆದರೆ ಹೆಚ್ಚುಕಡಿಮೆ ನೇರ ಗೆರೆ ಸಿಗುತ್ತದೆ, ಅದರ ಇಳಿಜಾರು ನಂಬಬಹುದು.

ಉತ್ತರ ಮೇಲಕ್ಕೆ ಹೋಗುವುದು ಬಹುಮಟ್ಟಿಗೆ ತೇವದಿಂದ. ಚೇಂಬರಿನ ಸಂದಿಯಿಂದ ಹಬೆ ಸೋರಿ ರಟ್ಟು ನೆಂದರೆ ವಾಹಕತೆ ಏರುತ್ತದೆ. ಹಬೆ ಹೊರಹೋಗುವ ಕೊಳವೆ ಕೆಳಮುಖವಾಗಿರಲಿ, ನೀರು ಬೀಕರಿಗೆ ಇಳಿಯಲಿ. ಪ್ರಯೋಗಕ್ಕೆ ಮೊದಲೂ ನಂತರವೂ ರಟ್ಟನ್ನು ತೂಗಿ. ತೂಕ ಏರಿದ್ದರೆ ಆ ದಿನದ ರೀಡಿಂಗ್ ಬಿಟ್ಟುಬಿಡಿ.

ತಣಿಸಿದ ಪಟ್ಟಿಯನ್ನು ಇಲ್ಲೇ ಹಾಕಿ, ಇಳಿಜಾರು ನಾನೂ ತೆಗೆದು ನೋಡುತ್ತೇನೆ.