ಕೆಲಸ ಬಿಟ್ಟು ಪಿಟೀಲು ಹಿಡಿಯಲೇ?

ಪ್ರಶ್ನೆ: ನನಗೆ 31 ವರ್ಷ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಚಿಕ್ಕಂದಿನಿಂದ ಪಿಟೀಲು ಕಲಿತು ವಿದ್ವತ್ ಮುಗಿಸಿದ್ದೇನೆ. ಮನೆಯಲ್ಲಿ, ಗುರುಗಳ ಮುಂದೆ, ಬಡಾವಣೆಯ ಗಣೇಶೋತ್ಸವದಲ್ಲಿ ನುಡಿಸಿದಾಗ ಎಲ್ಲರೂ ಮೆಚ್ಚುತ್ತಾರೆ. ಲೆಕ್ಕ ಹಾಕಿದರೆ ಹತ್ತು ಸಾವಿರ ಗಂಟೆ ಸಾಧನೆಯೂ ಆಗಿರಬೇಕು. ಹೋದ ತಿಂಗಳು ಹಿರಿಯ ಗಾಯಕರೊಬ್ಬರ ಕಛೇರಿಗೆ ಪಕ್ಕವಾದ್ಯದವರು ಬರಲಾಗದೆ ಕೊನೇ ಗಳಿಗೆಯಲ್ಲಿ ನನ್ನನ್ನು ಕರೆದರು. ಅವರದು ಒಂದು ಮನೆಯ ತಗ್ಗು ಶ್ರುತಿ, ನಾನು ಯಾವಾಗಲೂ ಅದಕ್ಕಿಂತ ಎತ್ತರದ ಐದು ಮನೆಗೆ ನುಡಿಸುವವಳು. ಶ್ರುತಿ ನಿಲ್ಲಲೇ ಇಲ್ಲ. ಖಂಡಛಾಪಿನ (ಐದೆಣಿಕೆಯ ತಾಳದ) ಒಂದು ಕೃತಿ ಕೇಳಿರಲಿಲ್ಲ, ಸ್ಥಳದಲ್ಲೇ ಕಟ್ಟಿ ನುಡಿಸುವ ಕಲ್ಪನಾಸ್ವರದಲ್ಲಿ ಎರಡು ಸಲ ಎಡುಪು (ಸಾಲು ತಾಳದಲ್ಲಿ ಶುರುವಾಗುವ ಜಾಗ) ತಪ್ಪಿತು. ಅವರು ಏನೂ ಅನ್ನಲಿಲ್ಲ, ಅದೇ ಹೆಚ್ಚು ನೋಯುತ್ತಿದೆ. ಕೆಲಸ ಬಿಟ್ಟು ಪೂರ್ತಿ ಸಂಗೀತಕ್ಕೇ ಇಳಿದರೆ ಸರಿಹೋದೀತೇ? ಅಪ್ಪ ಬೇಡ ಅನ್ನುತ್ತಾರೆ. ವೃತ್ತಿಪರರಿಗೂ ನನಗೂ ಇರುವ ವ್ಯತ್ಯಾಸವಾದರೂ ಏನು?
– ಹೆಸರು ಬೇಡ, ಬೆಂಗಳೂರು

ಉತ್ತರ: ಈಗಲೇ ರಾಜೀನಾಮೆ ಕೊಡಬೇಡಿ. ಅಂದು ವೇದಿಕೆಯಲ್ಲಿ ತಪ್ಪಿದ್ದಕ್ಕೂ ನೀವು ಕೆಲಸದಲ್ಲಿರುವುದಕ್ಕೂ ಹೆಚ್ಚಿನ ಸಂಬಂಧವಿಲ್ಲ. ದಿನವಿಡೀ ಬಿಡುವು ಸಿಕ್ಕಿದರೂ ಈಗಿನ ರೀತಿಯಲ್ಲೇ ಸಾಧನೆ ಮಾಡಿದರೆ ಅವೇ ಜಾಗಗಳಲ್ಲಿ ಮತ್ತೆ ತಪ್ಪುತ್ತದೆ.

ಮನಸ್ಸು ಹತ್ತಿ ನುಡಿಸಿದ ದಿನ ನಿಮ್ಮ ಕಲ್ಯಾಣಿ ರಾಗ ಎಷ್ಟೋ ವೃತ್ತಿಪರರ ಕಲ್ಯಾಣಿಗೆ ಸಮನಾಗಿರಬಹುದು. ಆದರೆ ಕಛೇರಿಗೆ ಕರೆಯುವವರಿಗೆ ಬೇಕಾದ ಭರವಸೆ ಬೇರೆ. ನಿದ್ದೆಯಿಲ್ಲದ ದಿನ, ಗೊತ್ತಿಲ್ಲದ ಕೃತಿ, ಗಾಯಕರ ದನಿ ಸರಿಯಾಗಿ ಕೇಳಿಸದ ವೇದಿಕೆ, ಬದಲಾದ ಶ್ರುತಿ, ಇವೆಲ್ಲ ಒಟ್ಟಿಗೆ ಬಂದಾಗ ನಿಮ್ಮ ವಾದನ ಎಷ್ಟು ಕೆಳಗಿಳಿಯುತ್ತದೆ ಎಂಬುದನ್ನು ಅವರು ನೋಡುತ್ತಾರೆ. ಹವ್ಯಾಸಿಗೂ ವೃತ್ತಿಪರರಿಗೂ ನಡುವಿನ ಅಂತರ ಇರುವುದು ಇಲ್ಲಿ. ವೃತ್ತಿಪರರ ಕೆಟ್ಟ ದಿನದ ಕಛೇರಿಯೂ ಗಾಯಕರಿಗೆ ತೊಂದರೆ ಕೊಡದೆ ಮುಗಿಯುತ್ತದೆ.

ಹತ್ತು ಸಾವಿರ ಗಂಟೆಯ ಲೆಕ್ಕವನ್ನು ಪಕ್ಕಕ್ಕಿಡಿ. ಬರ್ಲಿನ್‌ನ ಸಂಗೀತ ವಿದ್ಯಾರ್ಥಿಗಳ ಬಗ್ಗೆ ಮನಶ್ಶಾಸ್ತ್ರಜ್ಞ ಆ್ಯಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಆ ಸಂಖ್ಯೆ ಪ್ರಚಾರಕ್ಕೆ ಬಂತು. ಅಲ್ಲಿ ಅದು ಅತ್ಯುತ್ತಮ ಪಿಟೀಲು ವಿದ್ಯಾರ್ಥಿಗಳು ಇಪ್ಪತ್ತನೇ ವಯಸ್ಸಿಗೆ ಒಬ್ಬರೇ ಕೂತು ಮಾಡಿದ ಸಾಧನೆಯ ಸರಾಸರಿ. ದಾಟಿದ ಕೂಡಲೇ ವಿದ್ವಾಂಸರಾಗುವ ಗೆರೆ ಅದಲ್ಲ. ಮೇಲಾಗಿ ಅವರು ಹೇಳಿದ್ದು ಒಂದೊಂದು ದೋಷವನ್ನೇ ಗುರಿಮಾಡಿಕೊಂಡ ಸಾಧನೆಯ ಮಾತು. ಬಂದ ಕೃತಿಯನ್ನು ಪಲ್ಲವಿಯಿಂದ ಚರಣದವರೆಗೆ ಸಂತೋಷವಾಗಿ ನುಡಿಸುವುದನ್ನು ಆ ಲೆಕ್ಕಕ್ಕೆ ಸೇರಿಸಲು ಬರುವುದಿಲ್ಲ.

ಇನ್ನು ನೀವು ಅಂದು ನುಡಿಸಿದ ಕಛೇರಿಯ ವಿಚಾರ. ಐದು ಮನೆಯಿಂದ ಒಂದು ಮನೆಗೆ ಇಳಿಯುವುದೆಂದರೆ ಏಳು ಸ್ವರಸ್ಥಾನ ಇಳಿದ ಹಾಗೆ. ಐದು ಮನೆಗೆ ಕಟ್ಟಿದ ತಂತಿಯನ್ನು ಅಷ್ಟು ಸಡಿಲಿಸಿದರೆ ಅದರಲ್ಲಿ ಬಿಗಿಯೇ ಉಳಿಯುವುದಿಲ್ಲ. ಕಮಾನನ್ನು ಎಂದಿನಂತೆ ಒತ್ತಿದರೆ ಸ್ವರ ಅಲುಗುತ್ತದೆ, ಗಮಕದಲ್ಲಿ ಬೆರಳು ಎಳೆದರೆ ಸ್ಥಾನ ಜಾರುತ್ತದೆ. ಜೊತೆಗೆ, ಬಿಗಿ ಬದಲಾದ ತಂತಿ ಹದಕ್ಕೆ ಬರಲು ಇಪ್ಪತ್ತು ನಿಮಿಷವಾದರೂ ಬೇಕು. ಅಷ್ಟರಲ್ಲಿ ಕಛೇರಿಯ ಆರಂಭದ ವರ್ಣ ಮುಗಿದಿರುತ್ತದೆ. ಗಂಡು ದನಿಗೆ ನುಡಿಸುವ ಪಕ್ಕವಾದ್ಯದವರು ಇದಕ್ಕೆಂದೇ ದಪ್ಪ ತಂತಿ ಕಟ್ಟಿದ ಇನ್ನೊಂದು ಪಿಟೀಲು ಇಟ್ಟುಕೊಳ್ಳುತ್ತಾರೆ. ನಿಮ್ಮ ಮೊದಲ ಖರ್ಚು ಅದೇ ಆಗಲಿ. ದುಬಾರಿ ವಾದ್ಯ ಬೇಡ, ತಂತಿ ಬಿಗಿಸುವ ಬಿರಡೆ ಸರಿಯಾಗಿ ಕೂರುವ ಸಾಧಾರಣ ಪಿಟೀಲು ಸಾಕು. ವಾರದಲ್ಲಿ ಎರಡು ದಿನ ಒಂದು ಮನೆಗೆ, ಒಂದು ದಿನ ಎರಡು ಮನೆಗೆ ಸಾಧನೆ ಮಾಡಿ. ಶ್ರುತಿ ಬದಲಾದರೆ ಬೆರಳಿನ ಜಾಗ ಬದಲಾಗದು, ಕಮಾನಿನ ಭಾರವೂ ವೇಗವೂ ಬದಲಾಗುತ್ತವೆ. ಇದನ್ನು ಓದಿ ತಿಳಿಯಲಾಗದು, ಬಲಗೈಗೇ ಅಭ್ಯಾಸವಾಗಬೇಕು.

ಹೊರಗೆ ಕಛೇರಿಯಿದ್ದರೆ ಮುಕ್ಕಾಲು ಗಂಟೆ ಮೊದಲೇ ಹೋಗಿ, ವೇದಿಕೆಯ ಮೇಲೆಯೇ ಪೆಟ್ಟಿಗೆ ತೆರೆದಿಡಿ. ಎ.ಸಿ. ಸಭಾಂಗಣದ ಒಣಗಾಳಿಗೆ ಬಿರಡೆ ಕುಗ್ಗಿ ಜಾರುತ್ತದೆ, ಮಳೆಗಾಲದಲ್ಲಿ ಉಬ್ಬಿ ಹಿಡಿದುಕೊಳ್ಳುತ್ತದೆ. ಜಾರುವ ಬಿರಡೆಗೆ ಸ್ವಲ್ಪ ಸೀಮೆಸುಣ್ಣ ಹಚ್ಚಿದರೆ ಆ ಸಂಜೆಗೆ ಸಾಕು. ಶ್ರುತಿ ಏರಿಸಿದ ಮೇಲೆ ಕುದುರೆಯನ್ನು (ತಂತಿಗಳನ್ನು ಹೊತ್ತು ನಿಂತ ಮರದ ತುಂಡನ್ನು) ಪಕ್ಕದಿಂದ ನೋಡಿ. ತಂತಿಯ ಎಳೆತಕ್ಕೆ ಅದರ ತಲೆ ಬಿರಡೆಗಳ ಕಡೆಗೆ ವಾಲಿರುತ್ತದೆ. ಎರಡೂ ಕೈಯಿಂದ ಹಿಡಿದು ನೆಟ್ಟಗೆ ಮಾಡದಿದ್ದರೆ ನಡುಕಛೇರಿಯಲ್ಲಿ ಬಿದ್ದರೂ ಬಿದ್ದೀತು. ಪೆಟ್ಟಿಗೆಯಲ್ಲಿ ಎರಡನೇ ಕಮಾನು, ರಾಳ, ಒಮ್ಮೆ ಕಟ್ಟಿ ಬಿಚ್ಚಿಟ್ಟ ಹಳೆಯ ತಂತಿಗಳ ಒಂದು ಸೆಟ್ ಇರಲಿ. ಹೊಸ ತಂತಿ ಎಳೆದಷ್ಟೂ ಹಿಗ್ಗುತ್ತದೆ, ಹಳೆಯದು ಬೇಗ ನಿಲ್ಲುತ್ತದೆ.

ಎಡುಪು ತಪ್ಪಿದ್ದು ನಿಮಗೆ ಹೆಚ್ಚು ನಾಚಿಕೆ ತಂದಿದೆ. ಕಾರಣ ಸ್ಪಷ್ಟವಾಗಿದೆ. ಪಾಠದಲ್ಲಿ ಗುರುಗಳು ತಾಳ ಹಾಕುತ್ತಾರೆ, ಪರೀಕ್ಷೆಯಲ್ಲಿ ನೀವೇ ಆರಿಸಿದ ಕೃತಿ ಇರುತ್ತದೆ. ಪಿಟೀಲು ಹಿಡಿದವರಿಗೆ ತಾಳ ಹಾಕಲು ಕೈ ಬಿಡುವಿರುವುದಿಲ್ಲ, ಲೆಕ್ಕ ಒಳಗೇ ಓಡುತ್ತಿರಬೇಕು. ಒಂದೇ ಲಯದಲ್ಲಿ ತಟ್ಟುವ ಮೆಟ್ರೊನೋಮನ್ನು ನಿಮಿಷಕ್ಕೆ 40ಕ್ಕೆ ಇಟ್ಟು, ಒಂದೊಂದು ತಟ್ಟನ್ನೂ ಖಂಡಛಾಪಿನ ಸಮ, ಅಂದರೆ ತಾಳ ಶುರುವಾಗುವ ಪೆಟ್ಟು ಎಂದು ಹಿಡಿಯಿರಿ. ನಡುವಿನ ‘ತಕ ತಕಿಟ’ ಪೂರ್ತಿ ನಿಮ್ಮದು. ಹದಿನೈದು ದಿನ ಹಾಗೆ ಸ್ವರ ಹಾಕಿ, ಆಮೇಲೆ 20ಕ್ಕೆ ಇಳಿಸಿ. ಈಗ ಎರಡು ಆವರ್ತಕ್ಕೆ (ತಾಳದ ಎರಡು ಸುತ್ತಿಗೆ) ಒಂದೇ ತಟ್ಟು. ತಟ್ಟು ಬೀಳುವ ಹೊತ್ತಿಗೆ ನೀವು ಮುಂದೆ ಹೋಗಿದ್ದೀರೋ ಹಿಂದೆ ಉಳಿದಿದ್ದೀರೋ ತಕ್ಷಣ ಗೊತ್ತಾಗುತ್ತದೆ. ಬಹುಪಾಲು ಜನ ಮುಂದೆ ಓಡುತ್ತಾರೆ, ಅದೂ ಮೂರನೇ ಕಾಲದ ವೇಗದ ಸ್ವರಗಳಲ್ಲಿ. ಆದಿತಾಳಕ್ಕೆ ಎಂಟು ಸೆಕೆಂಡಿಗೊಂದು ತಟ್ಟನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಂಡು ಹೀಗೆಯೇ ಮಾಡಬಹುದು. ಸಮದಿಂದ ಶುರುವಾಗುವ ಕೃತಿಗಳಲ್ಲಿ ಸಲೀಸಾದ ಮೇಲೆ ಅರ್ಧ ಎಡ, ಒಂದೂವರೆ ಎಡದ, ಅಂದರೆ ಸಮದಿಂದ ಅಷ್ಟು ಎಣಿಕೆ ಬಿಟ್ಟು ಶುರುವಾಗುವ ಕೃತಿಗಳಿಗೆ ಬನ್ನಿ.

ಎಷ್ಟು ಸಾಧನೆ ಮಾಡಿದರೂ ಒಮ್ಮೊಮ್ಮೆ ಲೆಕ್ಕ ತಪ್ಪುತ್ತದೆ, ದೊಡ್ಡವರಿಗೂ ತಪ್ಪುತ್ತದೆ. ಆಮೇಲೆ ಬರುವ ಒಂದು ಆವರ್ತದಲ್ಲಿ ಏನು ಮಾಡುತ್ತೀರಿ ಎಂಬುದನ್ನು ಯಾರೂ ಪಾಠದಲ್ಲಿ ಹೇಳಿಕೊಡುವುದಿಲ್ಲ. ಹವ್ಯಾಸಿಗಳು ಗಾಬರಿಯಾಗಿ ಇನ್ನೂ ಜೋರಾಗಿ ನುಡಿಸುತ್ತಾರೆ, ಇಲ್ಲವೇ ಕಮಾನು ಎತ್ತಿ ಮುಖ ಸಣ್ಣದು ಮಾಡುತ್ತಾರೆ. ಎರಡೂ ಬೇಡ. ನಾದವನ್ನು ಅರ್ಧಕ್ಕೆ ಇಳಿಸಿ, ಷಡ್ಜದ ಮೇಲೋ ರಾಗದ ಜೀವಸ್ವರದ ಮೇಲೋ ನಿಲ್ಲಿ, ತಾಳ ಹಾಕುವ ಗಾಯಕರ ಕೈ ನೋಡಿ, ಮುಂದಿನ ಸಮಕ್ಕೆ ಪಲ್ಲವಿಯ ಎತ್ತುಗಡೆ ಹಿಡಿಯಿರಿ. ಮುಖದಲ್ಲಿ ಏನೂ ತೋರಿಸಬೇಡಿ. ಇದಕ್ಕೂ ಅಭ್ಯಾಸವಿದೆ. ಮನೆಯವರಿಗೆ ಒಂದು ಧ್ವನಿಮುದ್ರಣ ಕೊಟ್ಟು, ನೀವು ಜೊತೆಗೆ ನುಡಿಸುವಾಗ ಇದ್ದಕ್ಕಿದ್ದಂತೆ ಹತ್ತು ಸೆಕೆಂಡು ಮುಂದಕ್ಕೆ ಓಡಿಸಲು ಹೇಳಿ. ಪಿಟೀಲು ನಿಲ್ಲಿಸದೆ ಒಂದು ಆವರ್ತದೊಳಗೆ ಮತ್ತೆ ಸೇರಿಕೊಳ್ಳಬೇಕು.

ಕೇಳದ ಕೃತಿಯ ಭಯಕ್ಕೆ ದಿನಕ್ಕೊಂದು ಕೇಳದ ಕೃತಿಯೇ ಔಷಧ. ಧ್ವನಿಮುದ್ರಣ ಹಾಕಿ ಒಂದೇ ಸಲ ಜೊತೆಗೆ ನುಡಿಸಿ, ಎರಡನೇ ಸಲ ಕೇಳಲು ಆಸೆಪಡಬೇಡಿ. ಮೊದಲ ಸಾಲಿಗೆ ಮೆಲ್ಲಗೆ ನೆರಳಿನಂತಿದ್ದು, ಅದೇ ಸಾಲು ಮರಳಿ ಬಂದಾಗ ಅದರ ಕೊನೆಯನ್ನು ಹಿಡಿದು, ಮೂರನೇ ಸಂಗತಿಗೆ (ಅದೇ ಸಾಲಿನ ಬದಲಾದ ರೂಪಕ್ಕೆ) ಪೂರ್ತಿ ಜೊತೆಯಾಗಬೇಕು. ಗಾಯಕರಿಗಿಂತ ಮುಂದೆ ಊಹಿಸಿ ನುಡಿಸುವುದು ದೊಡ್ಡ ತಪ್ಪು. ಅವರು ಇನ್ನೂ ಮುಟ್ಟದ ತಾರಷಡ್ಜವನ್ನು (ಮೇಲಿನ ‘ಸ’) ಆಲಾಪನೆಯಲ್ಲಿ ನೀವು ಮೊದಲೇ ಮುಟ್ಟಿಬಿಟ್ಟರೆ ಅವರು ಕಟ್ಟುತ್ತಿರುವುದು ಅಲ್ಲಿಗೆ ಕೆಟ್ಟಿತು. ಅವರು ಹನ್ನೆರಡು ನಿಮಿಷ ಹಾಡಿದರೆ ನಿಮ್ಮ ಸರದಿಗೆ ಆರೇಳು ನಿಮಿಷ ಧಾರಾಳವಾಯಿತು. ಎಷ್ಟೋ ಒಳ್ಳೆಯ ವಾದಕರಿಗೆ ಮತ್ತೆ ಕರೆ ಬಾರದಿರುವುದು ಈ ಅಳತೆ ತಪ್ಪಿದ್ದರಿಂದ.

ಮೈಕಿಗೂ ಗಮನ ಕೊಡಿ. ಕುದುರೆಯಿಂದ ಒಂದು ಗೇಣು ದೂರ ಸಾಕು. ವೇದಿಕೆಯ ಮೇಲಿನ ಮಾನಿಟರ್ ಸ್ಪೀಕರಿನಲ್ಲಿ ಗಾಯಕರ ದನಿ ಮತ್ತು ಮೃದಂಗ ಹೆಚ್ಚು, ನಿಮ್ಮ ಪಿಟೀಲು ಕಡಿಮೆ ಕೇಳಬೇಕು. ಮೈಕು ಬಳಕೆಗೆ ಬಾರದ ಕಾಲದಲ್ಲಿ ಟಿ. ಚೌಡಯ್ಯನವರು (1895–1967) ನಾಲ್ಕು ತಂತಿಗೆ ಇನ್ನೂ ಮೂರನ್ನು ಸೇರಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡದ್ದು ಹಿಂದಿನ ಸಾಲಿನವರಿಗೂ ನಾದ ಮುಟ್ಟಲೆಂದು. ಕೇಳುವವರ ಕಿವಿಯ ಬಗ್ಗೆ ಅಷ್ಟು ಯೋಚಿಸಿದ ಮನಸ್ಸೇ ವೃತ್ತಿಪರರ ಮನಸ್ಸು.

ವಾರಕ್ಕೊಮ್ಮೆ ಎರಡೂವರೆ ಗಂಟೆ ಏಳದೆ ಕೂತು ಪೂರ್ತಿ ಕಛೇರಿಯಷ್ಟು ನುಡಿಸಿ. ನಲವತ್ತು ನಿಮಿಷದ ಸಾಧನೆಗೆ ಒಗ್ಗಿದ ಭುಜ ಒಂದೂವರೆ ಗಂಟೆಯ ಹೊತ್ತಿಗೆ ಸೋಲುತ್ತದೆ, ರಾಗ ತಾನ ಪಲ್ಲವಿ ಬರುವುದೇ ಆಗ. ಬೆರಳು ಜೋಮು ಹಿಡಿದರೆ ಮಾತ್ರ ನಿಲ್ಲಿಸಿ ವೈದ್ಯರಿಗೆ ತೋರಿಸಿ, ಹಟ ಬೇಡ.

ಈಗ ಕೆಲಸದ ಪ್ರಶ್ನೆ. ಆರ್.ಕೆ. ಶ್ರೀಕಂಠನ್ ಆಕಾಶವಾಣಿಯ ನೌಕರಿಯಲ್ಲಿದ್ದುಕೊಂಡೇ ಮೇರು ಗಾಯಕರಾದವರು. ಸಂಬಳ ಬರುವ ಕೆಲಸ ಕೈಯಲ್ಲಿದ್ದರೆ ಸಂಗೀತ ಅರೆಮನಸ್ಸಿನದು ಎಂದು ಯಾರಾದರೂ ಅಂದರೆ ನಂಬಬೇಡಿ. ಒಂದು ವರ್ಷ ಕೆಲಸ ಇಟ್ಟುಕೊಂಡೇ ಪರೀಕ್ಷಿಸಿ. ಆಕಾಶವಾಣಿ ಆಡಿಷನ್‌ಗೆ ಅರ್ಜಿ ಹಾಕಿ. ಬಿ, ಬಿ-ಹೈ, ಎ, ಟಾಪ್ ಎಂಬ ಶ್ರೇಣಿಯಲ್ಲಿ ನೀವು ಎಲ್ಲಿ ನಿಲ್ಲುತ್ತೀರಿ ಎಂಬುದನ್ನು ಪರಿಚಯದವರ ಮೆಚ್ಚುಗೆ ಹೇಳಲಾರದು. ಒಂದು ಪುಸ್ತಕದಲ್ಲಿ ಪ್ರತಿ ಕಛೇರಿಯ ದಿನಾಂಕ, ಶ್ರುತಿ, ಎಲ್ಲಿ ಎಡವಿದಿರಿ, ಸಂಭಾವನೆ, ಪ್ರಯಾಣದ ಖರ್ಚು ಬರೆದಿಡಿ. ಎಲ್ಲಕ್ಕಿಂತ ಮುಖ್ಯವಾಗಿ, ಒಮ್ಮೆ ಕರೆದವರು ಮತ್ತೆ ಕರೆದರೇ ಎಂಬುದನ್ನು ಬರೆಯಿರಿ. ಮೊದಲ ಕರೆ ಅನುಕೂಲಕ್ಕೆ ಬಂದಿರಬಹುದು, ಎರಡನೆಯದು ನಿಮ್ಮ ವಾದನಕ್ಕೇ ಬಂದದ್ದು.

ಆದಾಯ ಸಮನಾಗಿ ಬರುವುದಿಲ್ಲ. ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆ ಮೈದಾನದ ಶ್ರೀರಾಮ ಸೇವಾ ಮಂಡಳಿಯ ಸಂಗೀತೋತ್ಸವದಿಂದ ಹಿಡಿದು ಊರೂರಿನ ರಾಮನವಮಿ ಪೆಂಡಾಲುಗಳವರೆಗೆ ಬೇಸಿಗೆಯಲ್ಲಿ ಬಿಡುವಿಲ್ಲ, ನವರಾತ್ರಿಯಲ್ಲೂ ಡಿಸೆಂಬರಿನಲ್ಲೂ ಹಾಗೆಯೇ. ಆಷಾಢ, ಪಿತೃಪಕ್ಷ ಬಂದರೆ ಫೋನು ಸುಮ್ಮನಾಗುತ್ತದೆ. ಆ ತಿಂಗಳುಗಳನ್ನು ಬಹುಪಾಲು ವಾದಕರು ಪಾಠ, ಭರತನಾಟ್ಯದ ಪಕ್ಕವಾದ್ಯ, ಸ್ಟುಡಿಯೊ ಕೆಲಸದಿಂದ ತುಂಬಿಸಿಕೊಳ್ಳುತ್ತಾರೆ. ಹನ್ನೆರಡು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿದ್ದು, ಮತ್ತೆ ಮತ್ತೆ ಕರೆಯುವ ಐದಾರು ಮಂದಿ ಗಾಯಕರಿದ್ದು, ಪಾಠದ ಆದಾಯ ಖಾಯಂ ಆದಾಗ ಆ ಪುಸ್ತಕವನ್ನು ಅಪ್ಪನ ಮುಂದೆ ಇಡಿ. ಅವರ ಆತಂಕ ಸಂಗೀತದ ಮೇಲಿನದ್ದಲ್ಲ, ಲೆಕ್ಕ ಕಾಣದ ಆತಂಕ.

ಇನ್ನೊಂದನ್ನು ನಿಮ್ಮನ್ನೇ ಕೇಳಿಕೊಳ್ಳಿ. ಹವ್ಯಾಸಿಯಾಗಿ ಇಷ್ಟದ ರಾಗವನ್ನು ಇಷ್ಟ ಬಂದಾಗ ನುಡಿಸಬಹುದು. ವೃತ್ತಿಯಲ್ಲಿ, ಮನಸ್ಸಿಗೆ ಹಿಡಿಸದ ಗಾಯನಕ್ಕೂ ವಾರದ ನಾಲ್ಕನೇ ಕಛೇರಿಯಲ್ಲಿ ಅಷ್ಟೇ ಶ್ರದ್ಧೆಯಿಂದ ಜೊತೆಗೊಡಬೇಕು. ಅದು ಬೇಡವೆನಿಸಿದರೆ ಹವ್ಯಾಸಿಯಾಗಿಯೇ ಉಳಿಯಿರಿ, ಅದರಲ್ಲಿ ಕೀಳೇನೂ ಇಲ್ಲ. ಸಭೆಗಳ ಮುಂದಿನ ಸಾಲು ತುಂಬುವುದು ಅಂಥ ಬಲ್ಲ ಕಿವಿಗಳಿಂದಲೇ.

ಈ ವಾರವೇ ಮಾಡಬಹುದಾದ ಕೆಲಸವೊಂದಿದೆ. ಆ ಗಾಯಕರ ಮೌನವನ್ನು ನೀವು ತಿರಸ್ಕಾರ ಎಂದುಕೊಂಡಿದ್ದೀರಿ. ಕೊನೇ ಗಳಿಗೆಯಲ್ಲಿ ಬಂದು ಕಛೇರಿ ಉಳಿಸಿದವರಿಗೆ ಏನೂ ಅನ್ನಬಾರದು ಎಂಬ ಸೌಜನ್ಯವೂ ಆಗಿರಬಹುದು. ಅವರ ಮನೆಗೆ ಹೋಗಿ, ‘ಅವತ್ತು ಎಡುಪು ತಪ್ಪಿತು ಸರ್, ಆ ಕೃತಿಯ ಸ್ವರದ ಜಾಗ ಒಮ್ಮೆ ಹೇಳಿಕೊಡ್ತೀರಾ?’ ಎಂದು ಕೇಳಿ. ಹೋಗುವಾಗ ಒಂದು ಮನೆಗೆ ಶ್ರುತಿ ಮಾಡಿದ ಪಿಟೀಲು ಜೊತೆಗಿರಲಿ.