ಹೊಟ್ಟೆಯ ಹುಣ್ಣು ಮತ್ತು ನೊಬೆಲ್ ಪ್ರಶಸ್ತಿ

ಪ್ರಶ್ನೆ: ಖಾರ ತಿಂದರೆ, ಚಿಂತೆ ಮಾಡಿದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಅದಕ್ಕೆ ಬ್ಯಾಕ್ಟೀರಿಯಾ ಕಾರಣವೆಂದು ತೋರಿಸಿದವರಿಗೆ ನೊಬೆಲ್ ಬಂದಿದೆಯಂತೆ, ನಿಜವೇ?

ಉತ್ತರ: ನಿಜ. 2005ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ಜೊತೆಯಾಗಿ ದುಡಿದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಹಂಚಿಕೊಂಡರು. ಜಠರದ ಆಮ್ಲದಲ್ಲಿ ಯಾವ ಸೂಕ್ಷ್ಮಜೀವಿಯೂ ನೆಲೆಸಲಾರದು ಎಂದು ವೈದ್ಯಲೋಕ ನಂಬಿದ್ದ ಕಾಲದಲ್ಲಿ, ಅಂದರೆ 1979ರಲ್ಲಿ, ರೋಗಿಯ ಜಠರದ ಒಳಪೊರೆಯ ತುಣುಕನ್ನು ಪರೀಕ್ಷಿಸುತ್ತಿದ್ದ ವಾರೆನ್ ಅವರಿಗೆ ಸೂಕ್ಷ್ಮದರ್ಶಕದಡಿ ಬಾಗಿದ ಆಕಾರದ ಬ್ಯಾಕ್ಟೀರಿಯಾ ಕಂಡವು. ಅವನ್ನು ಪ್ರಯೋಗಾಲಯದಲ್ಲಿ ಬೆಳೆಸುವ ಯತ್ನಗಳು ಮೇಲಿಂದ ಮೇಲೆ ವಿಫಲವಾದವು. ಎರಡು ದಿನದಲ್ಲಿ ಏನೂ ಕಾಣದಿದ್ದರೆ ಗಾಜಿನ ತಟ್ಟೆಗಳನ್ನು ಎಸೆಯುವುದು ವಾಡಿಕೆಯಾಗಿತ್ತು. 1982ರ ಈಸ್ಟರ್ ರಜೆಯಲ್ಲಿ ತಟ್ಟೆಗಳು ಹಾಗೆಯೇ ಉಳಿದವು, ರಜೆ ಮುಗಿಸಿ ಬಂದು ನೋಡಿದರೆ ಬ್ಯಾಕ್ಟೀರಿಯಾ ಬೆಳೆದಿದ್ದವು. ನಿಧಾನವಾಗಿ ಬೆಳೆಯುವ ಆ ಜೀವಿಗೆ ಇನ್ನಷ್ಟು ದಿನಗಳು ಬೇಕಿದ್ದವು, ಅಷ್ಟೆ.

ಆದರೂ ಅನೇಕ ತಜ್ಞರು ಒಪ್ಪಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾ ತುಂಬಿದ ದ್ರವವನ್ನು ತಾವೇ ಕುಡಿದರು. ಕೆಲವೇ ದಿನಗಳಲ್ಲಿ ವಾಂತಿ ಶುರುವಾಯಿತು. ಎಂಡೋಸ್ಕೋಪಿ ಮಾಡಿದಾಗ ಜಠರದ ಉರಿಯೂತವೂ ಅದೇ ಬ್ಯಾಕ್ಟೀರಿಯಾವೂ ಪತ್ತೆಯಾದವು. ಯಾರೂ ಅನುಕರಿಸಬಾರದ ಸಾಹಸವಿದು, ಆದರೆ ಆ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ. ನೊಬೆಲ್‌ಗೂ ಮೊದಲೇ, 1995ರಲ್ಲಿ, ಅಮೆರಿಕದ ಲಾಸ್ಕರ್ ಪ್ರಶಸ್ತಿ ಮಾರ್ಷಲ್ ಅವರಿಗೆ ಸಂದಿತ್ತು.

ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಈ ಬ್ಯಾಕ್ಟೀರಿಯಾದಿಂದಾದ ಹುಣ್ಣಿಗೆ ಈಗ ಆಂಟಿಬಯಾಟಿಕ್ ಮತ್ತು ಆಮ್ಲ ತಗ್ಗಿಸುವ ಮಾತ್ರೆಗಳ ಚಿಕಿತ್ಸೆಯಿದೆ. ಕೆಲವು ನೋವುನಿವಾರಕ ಮಾತ್ರೆಗಳ ಅತಿಬಳಕೆಯಿಂದಲೂ ಹುಣ್ಣಾಗುತ್ತದೆ. ಖಾರ ಉರಿಯನ್ನು ಹೆಚ್ಚಿಸಬಹುದು, ಆದರೆ ಮೂಲ ಕಾರಣ ಅದಲ್ಲ.