ಜೀವನಪೂರ್ತಿ ಹುಳ ನೋಡಿಕೊಂಡು ಕೂರುವುದರಲ್ಲಿ ಏನಿದೆ?

ಮಗಳು ಎಂಎಸ್‌ಸಿ ಪ್ರಾಣಿಶಾಸ್ತ್ರ ಮುಗಿಸಿದ್ದಾಳೆ, ಈಗ ಹುಳಗಳ ನಡವಳಿಕೆ ಮೇಲೆ ಪಿಎಚ್‌ಡಿ ಮಾಡ್ತೀನಿ ಅಂತಾಳೆ, ಜೀವನಪೂರ್ತಿ ಹುಳ ನೋಡ್ತಾ ಕೂರೋಕೆ ಅದರಲ್ಲಿ ಏನಿದೆ ಅಂತ ಕೇಳಿದ್ದೀರಿ. ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವವನು, ಸಂಶೋಧಕ ಅಲ್ಲ. ಆದರೆ ಹಾಗೆ ಕೂತವರೊಬ್ಬರು ಬೆಂಗಳೂರಿನಲ್ಲೇ ಇದ್ದಾರೆ, ರಾಘವೇಂದ್ರ ಗದಗಕರ್. ಅವರ ಕೆಲಸವನ್ನು ಆಸೆಯಿಂದ ಓದಿಕೊಂಡು ಬಂದಿದ್ದೇನೆ. ಅದನ್ನೇ ಹೇಳುತ್ತೇನೆ.

ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಅವರ ಕಣ್ಣಿಗೆ ಬಿದ್ದದ್ದು ಕಿಟಕಿಗಳಲ್ಲಿ ಗೂಡು ಕಟ್ಟಿದ್ದ ಕಣಜದ ಹುಳಗಳು. ಪಿಎಚ್‌ಡಿ ಮಾಡಿದ್ದು ಮಾತ್ರ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಬ್ಯಾಕ್ಟೀರಿಯಾಗಳಿಗೆ ಅಂಟುವ ವೈರಸ್ ಮೇಲೆ. ಆಗೆಲ್ಲ ಕಣಜ ಬರೀ ಹವ್ಯಾಸ. ಆಮೇಲೆ ಹವ್ಯಾಸವೇ ವೃತ್ತಿಯಾಯಿತು. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಅದೇ ಸಂಸ್ಥೆಯಲ್ಲಿ ಕಟ್ಟಿದ ಪರಿಸರ ವಿಜ್ಞಾನ ಕೇಂದ್ರದಲ್ಲಿ ಅವರು ದಶಕಗಳ ಕಾಲ ಮುಖ್ಯವಾಗಿ ಒಂದೇ ಜಾತಿಯ ಕಣಜದ ಹಿಂದೆ ಬಿದ್ದರು. ಅದರ ಹೆಸರು ರೊಪಾಲಿಡಿಯಾ ಮಾರ್ಜಿನೇಟಾ. ಹೆಸರು ಕೇಳಿ ಹೆದರಬೇಡಿ, ನೀವೂ ನೋಡಿರುತ್ತೀರಿ. ಕಂದು ಬಣ್ಣದ, ತೆಳು ಸೊಂಟದ ಹುಳ. ಸಜ್ಜಾ ಕೆಳಗೋ ಕಿಟಕಿ ಮೂಲೆಯಲ್ಲೋ ಗಿಡದ ನಾರು ಅಗಿದು ಕಾಗದದಂಥ ಬೂದು ಗೂಡು ಕಟ್ಟುತ್ತದೆ. ನಾವು ಪೊರಕೆ ತಗೊಂಡು ಕೆಡವುತ್ತೇವಲ್ಲ, ಅದೇ.

ಸರಿ, ಅದರಲ್ಲಿ ನೋಡೋಕೆ ಏನಿದೆ? ಮೊದಲ ತೊಡಕು, ಗೂಡಿನಲ್ಲಿ ರಾಣಿ ಯಾರು ಅಂತಲೇ ಗೊತ್ತಾಗುವುದಿಲ್ಲ. ಜೇನಿನಲ್ಲಾದರೆ ರಾಣಿಯ ಮೈಕಟ್ಟೇ ಬೇರೆ. ಇಲ್ಲಿ ಎಲ್ಲ ಹೆಣ್ಣುಗಳೂ ಒಂದೇ ಥರ. ಹಾಗಾಗಿ ಒಂದೊಂದರ ಮೈಮೇಲೂ ಬೇಗ ಒಣಗುವ ಬಣ್ಣದ ಚುಕ್ಕೆ ಇಟ್ಟು, ಯಾರು ಏನು ಮಾಡುತ್ತಾರೆ ಅಂತ ಗಂಟೆಗಟ್ಟಲೆ ಬರೆದುಕೊಳ್ಳಬೇಕು. 1980ರ ದಶಕದ ಆರಂಭದಲ್ಲಿ ಅವರು ಹೀಗೆ ನೋಡಿ ಮೂರು ಗುಂಪು ಮಾಡಿದರು: ಸುಮ್ನೆ ಕೂರುವವರು, ಜಗಳಗಂಟಿಯರು, ಹೊರಗೆ ಹೋಗಿ ಆಹಾರ ತರುವವರು. ರಾಣಿ ಜಗಳಗಂಟಿಯರ ಗುಂಪಿನಲ್ಲಿ ಇರಬೇಕು ಅಂತ ಯಾರಿಗಾದರೂ ಅನಿಸುತ್ತದೆ, ಅಲ್ವಾ? ಇಲ್ಲ. ಅವಳು ಸುಮ್ನೆ ಕೂರುವವಳು. ಇನ್ನೊಂದು ರೊಪಾಲಿಡಿಯಾ ಜಾತಿಯಲ್ಲಿ ಮಾತ್ರ ರಾಣಿ ಹೊಡೆದಾಡಿಯೇ ಆಳುತ್ತಾಳೆ.

ಹಾಗಾದರೆ ಈ ಮೆತ್ತನೆಯ ರಾಣಿಯ ಮಾತು ನಡೆಯುವುದು ಹೇಗೆ? ಹೊಟ್ಟೆಯ ತುದಿಯನ್ನು ಗೂಡಿಗೆ ಉಜ್ಜಿ ಅಲ್ಲಿನ ಗ್ರಂಥಿಯ ರಸ ಬಳಿಯುತ್ತಾಳೆ, ಆ ವಾಸನೆಯಿಂದ ‘ರಾಣಿ ಇದ್ದಾಳೆ’ ಅಂತ ಉಳಿದವರಿಗೆ ತಿಳಿಯುತ್ತದೆ.

ನನಗೆ ತುಂಬ ಇಷ್ಟವಾದದ್ದು ಮುಂದಿನ ಭಾಗ. ರಾಣಿಯನ್ನು ತೆಗೆದರೆ ಸ್ವಲ್ಪ ಹೊತ್ತಿನಲ್ಲೇ ಒಬ್ಬಳು ಮಾತ್ರ ವಿಪರೀತ ಕೆರಳಿ ಎಲ್ಲರ ಮೇಲೂ ಬೀಳುತ್ತಾಳೆ. ಹಳೆ ರಾಣಿಯನ್ನು ವಾಪಸ್ ಬಿಟ್ಟರೆ ತಣ್ಣಗಾಗುತ್ತಾಳೆ. ಬಿಡದಿದ್ದರೆ ಸುಮಾರು ಒಂದು ವಾರದಲ್ಲಿ ಮೊಟ್ಟೆ ಇಡಲು ಶುರು ಮಾಡಿ ತಾನೇ ರಾಣಿಯಾಗುತ್ತಾಳೆ. ಬೇರೆ ಯಾರೂ ತಕರಾರು ಮಾಡುವುದಿಲ್ಲ. ಆ ಒಬ್ಬಳು ಯಾರು ಅಂತ ರಾಣಿ ಇರುವಾಗ ನಡವಳಿಕೆ ನೋಡಿ ನಾವು ಹೇಳಲಾರೆವು. ಕಣಜಗಳಿಗೆ ಮೊದಲೇ ಗೊತ್ತಾ?

2008ರಲ್ಲಿ ಬಂದ ಅವರ ತಂಡದ ಪ್ರಯೋಗ ನೋಡಿ. ಗೂಡನ್ನು ಎರಡು ಹೋಳು ಮಾಡಿ ನಡುವೆ ಜಾಲರಿ ಹಾಕಿದರು. ರಾಣಿ ಒಂದು ಕಡೆ. ರಾಣಿ ಇಲ್ಲದ ಕಡೆ ಒಬ್ಬಳು ಕೆರಳಿ ಎದ್ದಳು. ಆಮೇಲೆ ರಾಣಿಯನ್ನು ಅವಳ ಕಡೆಗೇ ಸಾಗಿಸಿದರು. ಎದ್ದವಳು ನಿಜವಾದ ವಾರಸುದಾರಳೇ ಆಗಿದ್ದರೆ ಈಗ ರಾಣಿ ಇಲ್ಲದಾದ ಇನ್ನೊಂದು ಕಡೆ ಬೇರೆ ಯಾರೂ ಏಳಬಾರದು. ಅಲ್ಲದಿದ್ದರೆ ನಿಜವಾದವಳು ಈಗ ಏಳಬೇಕು, ಅವಳನ್ನು ಎರಡೂ ಕಡೆಯವರು ಒಪ್ಪಬೇಕು. ಹಾಗೇ ಆಯಿತು. ಕೆಲವು ಗೂಡುಗಳಲ್ಲಿ ಮೊದಲನೆಯವಳೇ ನಿಂತಳು, ಉಳಿದವುಗಳಲ್ಲಿ ಎರಡನೆಯವಳು. ಮೂರನೆಯವಳು ಬರಲೇ ಇಲ್ಲ. ಅಂದರೆ ವಾರಸುದಾರಳು ಯಾರು ಅಂತ ಕಣಜಗಳಿಗೆ ಮೊದಲೇ ಗೊತ್ತು. ಒಂದು ಜಾಲರಿ ಹಾಕಿ ಇಷ್ಟು ತಿಳಿದುಕೊಂಡರಲ್ಲ, ಇದೇ ನನಗೆ ಆಶ್ಚರ್ಯ.

ಇದರ ಹಿಂದಿರುವ ದೊಡ್ಡ ಪ್ರಶ್ನೆ ಬೇರೆ. ತನ್ನ ಮಕ್ಕಳನ್ನು ಬಿಟ್ಟು ಬೇರೆಯವರ ಮರಿ ಸಾಕುವುದೇಕೆ? ರಕ್ತಸಂಬಂಧಕ್ಕೆ ಅನ್ನುವುದು ಹಳೆಯ ಉತ್ತರ. ಆದರೆ ಇಲ್ಲಿ ರಾಣಿ ಒಂದಕ್ಕಿಂತ ಹೆಚ್ಚು ಗಂಡುಗಳ ಜೊತೆ ಕೂಡುತ್ತಾಳೆ, ರಾಣಿಯರೂ ಬದಲಾಗುತ್ತಿರುತ್ತಾರೆ. ನಂಟು ತೆಳುವಾಗುತ್ತದೆ. 1990ರಲ್ಲಿ ಗದಗಕರ್ ಇನ್ನೊಂದು ಕಾರಣ ಮುಂದಿಟ್ಟರು: ಒಂಟಿಯಾಗಿ ಗೂಡು ಕಟ್ಟಿದವಳು ನಡುವೆ ಸತ್ತರೆ ಮರಿಗಳೂ ಹೋದವು. ಗುಂಪಿನಲ್ಲಿದ್ದು ಅರ್ಧ ಸಾಕಿ ಸತ್ತರೂ ಉಳಿದರ್ಧ ಬೇರೆಯವರು ನೋಡಿಕೊಳ್ಳುತ್ತಾರೆ, ಪಟ್ಟ ಶ್ರಮ ದಂಡವಾಗುವುದಿಲ್ಲ.

ದುಡ್ಡಿನ ವಿಷಯ ನೀವು ಕೇಳಿಲ್ಲ, ಆದರೂ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಪಿಎಚ್‌ಡಿಗೆ ಫೆಲೋಶಿಪ್ ಸಿಕ್ಕರೆ ನಿಮ್ಮ ಕೈಯಿಂದ ಜಾಸ್ತಿ ಖರ್ಚು ಬೀಳುವುದಿಲ್ಲ. ಕಷ್ಟ ಇರುವುದು ಆಮೇಲೆ, ಕಾಯಂ ಹುದ್ದೆಗಳು ಕಡಿಮೆ. ಅದನ್ನು ಮಗಳ ಹತ್ತಿರ ಮುಚ್ಚಿಡದೆ ಮಾತಾಡಿ. ಪಿಎಚ್‌ಡಿಗೆ ಮೊದಲು ಯಾವುದಾದರೂ ಪ್ರಯೋಗಾಲಯದಲ್ಲಿ ಕೆಲವು ತಿಂಗಳು ಪ್ರಾಜೆಕ್ಟ್ ಕೆಲಸ ಮಾಡಲಿ. ಚುಕ್ಕೆ ಇಟ್ಟ ಹುಳಗಳನ್ನು ದಿನವಿಡೀ ನೋಡಿ ಬರೆದ ಮೇಲೂ ಮಾರನೇ ದಿನ ಹೋಗಬೇಕು ಅನಿಸಿದರೆ ಧೈರ್ಯವಾಗಿ ಕಳಿಸಿ.